ಅಕ್ಕನ ಅಂಚೆ: ಶುಕ್ರವಾರದ ಊಟಕ್ಕೆ ನನ್ನ ಪಾಲಿನ ಮಾತು

ಪ್ರಶ್ನೆ: ಅಕ್ಕ, ನಾನು ಕಾರ್ಕಳದ ಕಡೆಯವಳು. ಎರಡು ವರ್ಷದಿಂದ ಇಸ್ರೇಲಿನ ನೆತನ್ಯಾದಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೇನೆ. ಶುಕ್ರವಾರ ರಾತ್ರಿ ಮಕ್ಕಳು, ಮೊಮ್ಮಕ್ಕಳು ಊಟಕ್ಕೆ ಸೇರಿದಾಗ ‘ಪರಶಾ’, ಅಂದರೆ ಯಹೂದಿಗಳ ಧರ್ಮಗ್ರಂಥವಾದ ತೋರಾದ (ಬೈಬಲಿನ ಮೊದಲ ಐದು ಪುಸ್ತಕಗಳ) ಆ ವಾರದ ಪಾಠದ ಮೇಲೆ ಒಬ್ಬೊಬ್ಬರೂ ಒಂದು ಮಾತು ಹೇಳುತ್ತಾರೆ. ‘ಕೀ ತೇತ್ಸೆ’ ಪಾಠದ ವಾರ ನಾನೂ ಹೇಳಬೇಕೆಂದು ಅಜ್ಜಿಯ ಹಟ. ನಾನು ಇಗರ್ಜಿಗೆ ಹೋಗುವವಳು. ಉಪದೇಶ ಮಾಡಿ ಗೊತ್ತಿಲ್ಲ. ಏನು ಹೇಳಲಿ?

ಉತ್ತರ: ತಂಗಿ, ಉಪದೇಶ ಗೊತ್ತಿಲ್ಲ ಎಂದೆಯಲ್ಲ, ಅಲ್ಲಿಗೆ ಅರ್ಧ ಗೆದ್ದೆ. ನಾನೂ ಹೈಫಾದಲ್ಲಿ ಒಂಬತ್ತು ವರ್ಷ ‘ಮೆಟಪೆಲೆತ್’, ಅಂದರೆ ಆರೈಕೆಯವಳು, ಆಗಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರನ್ನು ನೋಡಿಕೊಂಡವಳು. ಮೊದಲ ಸಲ ನನ್ನನ್ನು ಮಾತಿಗೆ ಎಳೆದಾಗ, ಎಲ್ಲರೂ ಪ್ರೀತಿಯಿಂದ ಬಾಳಬೇಕು ಎಂದು ಹೇಳಿ ಕುಳಿತೆ. ಮೇಷ್ಟ್ರು ಹಲ್ಲಾ ರೊಟ್ಟಿಯ ತುಂಡನ್ನು ಉಪ್ಪಿಗೆ ಅದ್ದುತ್ತಾ, “ಯಾವ ವಚನದಲ್ಲಿ?” ಎಂದು ಕೇಳಿದರು. ಅವರಿಗೆ ವಚನ ತೋರಿಸದೆ ಬುದ್ಧಿಮಾತು ಹೇಳುವುದೆಂದರೆ ಹಂತ ಬರೆಯದೆ ಲೆಕ್ಕದ ಉತ್ತರ ಮಾತ್ರ ಬರೆದ ಹಾಗೆ.

ನಿನ್ನ ಕನ್ನಡ ಬೈಬಲಿನಲ್ಲಿ ಧರ್ಮೋಪದೇಶಕಾಂಡ ತೆಗೆ. 21ನೇ ಅಧ್ಯಾಯದ 10ನೇ ವಚನದಿಂದ 25ರ 19ರ ತನಕ ಆ ವಾರದ ಪಾಠ. ಯಹೂದಿ ಸಂಪ್ರದಾಯ ಎಣಿಸುವ 613 ಆಜ್ಞೆಗಳಲ್ಲಿ 74 ಇದೊಂದರಲ್ಲೇ ಇವೆ. ಸಂತೆಗೆ ಹೊಕ್ಕ ಹಾಗೆ: ಹಕ್ಕಿಯ ಗೂಡು, ದಾರಿ ತಪ್ಪಿದ ಎತ್ತು, ಮೋಸದ ತೂಕದ ಕಲ್ಲು, ಹೊಲದಲ್ಲಿ ಮರೆತ ಸಿವುಡು. ಆರಂಭದಲ್ಲೇ ಯುದ್ಧದಲ್ಲಿ ಸೆರೆಸಿಕ್ಕ ಹೆಂಗಸು, ಕಲ್ಲೆಸೆದು ಕೊಲ್ಲಬೇಕಾದ ಮೊಂಡ ಮಗ ಬರುತ್ತಾರೆ. ಅವು ನನ್ನ ಗಂಟಲಲ್ಲಿ ಇಂದಿಗೂ ಇಳಿದಿಲ್ಲ. ಅಂಥ ಮಗ ಹಿಂದೆ ಇರಲಿಲ್ಲ, ಮುಂದೆ ಇರುವುದೂ ಇಲ್ಲ ಎಂದು ತಾಲ್ಮೂದ್‌ನಲ್ಲಿ, ಅಂದರೆ ಹಳೆಯ ಯಹೂದಿ ಪಂಡಿತರ ಚರ್ಚೆಗಳ ಗ್ರಂಥದಲ್ಲಿ, ಒಂದು ಅಭಿಪ್ರಾಯವಿದೆ. ಸದ್ಯ, ಆ ಪಂಡಿತರಿಗೂ ಇಳಿದಿರಲಿಲ್ಲ ಎಂದುಕೊಂಡೆ.

ನನಗೆ ತಟ್ಟಿದ್ದು 24ರ 15. ಕೂಲಿಯವನ ಕೂಲಿಯನ್ನು ಅದೇ ದಿನ, ಹೊತ್ತು ಮುಳುಗುವ ಮೊದಲೇ ಕೊಡಬೇಕು. ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಎನ್ನುತ್ತದೆ. ಹೀಬ್ರೂವಿನಲ್ಲಿ ಇರುವುದು ‘ತನ್ನ ಪ್ರಾಣವನ್ನೇ ಅದರತ್ತ ಎತ್ತುತ್ತಾನೆ’ ಎಂಬಂಥ ಮಾತು. ಆ ‘ಎತ್ತುತ್ತಾನೆ’ ಯಾಕೆ ಎಂದು ತಾಲ್ಮೂದ್ ಹಿಡಿದುಕೊಳ್ಳುತ್ತದೆ: ಇವನು ಏಣಿ ಹತ್ತಿದ್ದು, ಮರಕ್ಕೆ ಜೋತುಬಿದ್ದದ್ದು, ಸಾವಿಗೆ ಮೈಯೊಡ್ಡಿದ್ದು ಯಾತಕ್ಕೆ, ಕೂಲಿಗಾಗಿ ಅಲ್ಲವೇ?

ಮೇಷ್ಟ್ರು ಇದನ್ನು ಓದಿದಾಗ ನನಗೆ ಕಂಡದ್ದು ನಮ್ಮ ಅಡಿಕೆ ತೋಟ. ಕಾಲಿಗೆ ತಳೆ ಹಾಕಿ ಹತ್ತುವ ಆಳು ಗೊನೆ ಇಳಿಸಿ, ಕೆಳಗಿಳಿಯದೆ ಅದೇ ಮರವನ್ನು ಜೀಕಿ ಪಕ್ಕದ ಮರ ಹಿಡಿಯುತ್ತಿದ್ದ. ಮರ ಬಿಲ್ಲಿನಂತೆ ಬಾಗುವುದನ್ನು ನೋಡಿ ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ಸಂಜೆ ಅವನು ಅಂಗಳದ ತುದಿಯಲ್ಲಿ ತಲೆ ಕೆರೆದುಕೊಂಡು ನಿಂತರೆ ಅಪ್ಪ, “ನಾಳೆ ಬಾ, ಚಿಲ್ಲರೆ ಇಲ್ಲ” ಎನ್ನುತ್ತಿದ್ದರು. ಅಪ್ಪ ಕೆಟ್ಟವರಲ್ಲ. ಚಿಲ್ಲರೆ ಮಾತ್ರ ಅಕ್ಕಿ ಡಬ್ಬಿಯಲ್ಲಿ ಇರುತ್ತಿತ್ತು. ಇಷ್ಟನ್ನು ಅರೆಬರೆ ಹೀಬ್ರೂವಿನಲ್ಲಿ ಹೇಳಿದೆ. ತಳೆ ಎಂದರೇನೆಂದು ತೋರಿಸಲು ಮೇಜಿನ ಕರವಸ್ತ್ರವನ್ನೇ ಸುತ್ತಬೇಕಾಯಿತು. ಮೊಮ್ಮಗನೊಬ್ಬ ಕುರ್ಚಿಯ ಕಾಲಿಗೆ ಹಾಕಿ ನೋಡಿದ.

ಒಂದು ಎಚ್ಚರಿಕೆ. ನಿನ್ನ ಸಂಬಳವೇ ತಡವಾಗುತ್ತಿದ್ದರೆ ಈ ವಚನವನ್ನು ಆ ಊಟದಲ್ಲಿ ಎತ್ತಬೇಡ. ಪರಶಾ ಎದುರಿನವರಿಗೆ ತಿವಿಯುವ ಕೋಲಲ್ಲ, ಹಬ್ಬದಡುಗೆಯೂ ಕೆಡುತ್ತದೆ. ನನಗೆ ಮೊದಲು ಕೆಲಸ ಕೊಟ್ಟಿದ್ದ ಮನೆಯಲ್ಲಿ ಮೂರು ತಿಂಗಳು ಸಂಬಳ ಹಿಂದೆ ಬಿದ್ದಿತ್ತು, ಸಂಕೋಚದಿಂದ ಸುಮ್ಮನಿದ್ದೆ. ಆಳು ಬಾಯಿಬಿಟ್ಟು ಕೇಳದಿದ್ದರೆ ಧಣಿ ಈ ಆಜ್ಞೆ ಮೀರಿದಂತಾಗುವುದಿಲ್ಲ ಎಂದು ತಾಲ್ಮೂದ್‌ಗೆ ಬುನಾದಿಯಾದ ನಿಯಮಗ್ರಂಥ ಮಿಶ್ನಾದಲ್ಲಿರುವುದು ಆಗ ಗೊತ್ತಿದ್ದರೆ, ಮೊದಲ ತಿಂಗಳೇ ಕೇಳುತ್ತಿದ್ದೆ. ಭಾನುವಾರ ಬೆಳಿಗ್ಗೆ, ನೇರವಾಗಿ, ಲೆಕ್ಕದ ಚೀಟಿ ಹಿಡಿದು ಕೇಳು.

ಇನ್ನು ನಿನ್ನ ಪಾಲಿಗೆ 22ರ 8 ಇದೆ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಕೈಪಿಡಿಗೋಡೆ ಕಟ್ಟಿಸು, ಯಾರೂ ಬಿದ್ದು ಸಾಯದಿರಲಿ. 1204ರಲ್ಲಿ ತೀರಿಕೊಂಡ ಯಹೂದಿ ಧರ್ಮಪಂಡಿತ ಮೈಮೊನಿಡಿಸ್, ಸ್ವತಃ ವೈದ್ಯ, ಆ ಗೋಡೆ ಹತ್ತು ಹಿಡಿಯಷ್ಟಾದರೂ ಎತ್ತರವಿರಲಿ ಎಂದ. ಅಂಗಳದ ಬಾವಿಗೂ ಕಟ್ಟೆ ಕಟ್ಟಬೇಕು, ಪ್ರಾಣಕ್ಕೆ ಅಪಾಯವಾಗುವ ಯಾವುದನ್ನೂ ಹಾಗೇ ಬಿಡಬಾರದು ಎಂದು ಬರೆದ. ನೀನು ದಿನಕ್ಕೆ ಎಷ್ಟು ಸಲ ಅಜ್ಜಿಯ ಮಂಚದ ಬಳಿಯ ಜಮಖಾನೆಯ ಮಡಚಿದ ಅಂಚನ್ನು ಕಾಲಿನಿಂದ ನೇರ ಮಾಡುತ್ತೀ? ಬಚ್ಚಲಿನ ನೀರು ಒರೆಸುತ್ತೀ? ವಚನ ಓದು, ಜಮಖಾನೆಯ ಮಾತು ಹೇಳು, ಕುಳಿತುಕೋ. ಎರಡು ನಿಮಿಷ ಮೀರಬೇಡ, ಸಾರು ಆರುತ್ತದೆ.

ಪ್ರಶ್ನೆ: ವರ್ಷವರ್ಷವೂ ಅದೇ ಪಾಠಗಳನ್ನು ಓದುತ್ತಾರಂತೆ. ಅವರಿಗೆ ಬೇಸರ ಬರುವುದಿಲ್ಲವೇ? (ಉಡುಪಿಯ ಓದುಗರೊಬ್ಬರು)

ಉತ್ತರ: ತೋರಾದಲ್ಲಿ 54 ಪಾಠಗಳು. ಸಿಮ್ಹಾತ್ ತೋರಾ ಹಬ್ಬದಂದು ಕೊನೆಯದನ್ನು ಮುಗಿಸಿ, ಅದೇ ಹೊತ್ತಿಗೆ ಆದಿಕಾಂಡ ಆರಂಭಿಸುತ್ತಾರೆ. ಬೇಸರದ ಮಾತಿಗೆ ತೋರಾ ಕಲಿಸುತ್ತಿದ್ದ ಶಿಕ್ಷಕಿ ನೆಹಾಮಾ ಲೈಬೊವಿಟ್ಸ್ ಅವರನ್ನು ನೆನೆಯುತ್ತೇನೆ. ರೀಗಾದಲ್ಲಿ 1905ರಲ್ಲಿ ಹುಟ್ಟಿ ಜೆರುಸಲೇಮಿನಲ್ಲಿ ನೆಲೆಸಿದವರು. 1942ರಿಂದ ಸುಮಾರು ಮೂವತ್ತು ವರ್ಷ ವಾರವಾರವೂ ಆ ವಾರದ ಪಾಠದ ಮೇಲೆ ಪ್ರಶ್ನೆಗಳ ಹಾಳೆಯನ್ನು ಜನರಿಗೆ ಅಂಚೆಯಲ್ಲಿ ಕಳಿಸಿದರು. ಪಾಠ ಅದೇ, ಪ್ರಶ್ನೆ ಹೊಸದು. ಉತ್ತರ ಬರೆದವರ ಹಾಳೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದರು. ಕೆಂಪು ಪೆನ್ನು ನನ್ನ ಮೇಜಿನ ಮೇಲೂ ಇದೆ. ನಿಮ್ಮ ಪತ್ರಗಳ ಕಾಗುಣಿತಕ್ಕೆ ಮಾತ್ರ.