ಓದುಗರ ಪ್ರಶ್ನೆ: ಅಮೆರಿಕದಲ್ಲಿ ಕ್ಲಿನಿಕಲ್ ಸೈಕಾಲಜಿ ಡಾಕ್ಟರೇಟ್ – ಗುಣಮಟ್ಟ ಅಳೆಯುವುದು ಹೇಗೆ, ಹಣದ ಲೆಕ್ಕ ಏನು?

ಪ್ರಶ್ನೆ: ಎಂಎಸ್ಸಿ ಸೈಕಾಲಜಿ ಮುಗಿಸಿದ್ದೇನೆ. ಅಮೆರಿಕದಲ್ಲಿ ಎರಡು ಕಡೆ ಸೀಟು ಸಿಕ್ಕಿದೆ. ಒಂದು, ರಾಜ್ಯ ವಿಶ್ವವಿದ್ಯಾಲಯದ ಪಿಎಚ್‌ಡಿ: ಬೋಧನಾ ಶುಲ್ಕ ಮನ್ನಾ, ಒಂಬತ್ತು ತಿಂಗಳಿಗೆ 21,000 ಡಾಲರ್ ಸ್ಟೈಪೆಂಡ್. ಇನ್ನೊಂದು, ದೊಡ್ಡ ನಗರದ ಖಾಸಗಿ ಸಂಸ್ಥೆಯ ಸೈ.ಡಿ. (ಡಾಕ್ಟರ್ ಆಫ್ ಸೈಕಾಲಜಿ, ಚಿಕಿತ್ಸಾ ವೃತ್ತಿಗೆ ಒತ್ತು ಕೊಡುವ ಡಾಕ್ಟರೇಟ್): ವರ್ಷಕ್ಕೆ 48,000 ಡಾಲರ್ ಶುಲ್ಕ, ಅದರಲ್ಲಿ 10,000 ಸ್ಕಾಲರ್‌ಶಿಪ್. ಯಾವುದನ್ನು ಒಪ್ಪಲಿ?
– ಓದುಗರು, ಮೈಸೂರು

ಉತ್ತರ: ಹಣಕ್ಕಿಂತ ಮೊದಲು ಮಾನ್ಯತೆ ನೋಡಿ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದರೆ ಸಾಲದು, ನೀವು ಸೇರುವ ಕಾರ್ಯಕ್ರಮಕ್ಕೇ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್‌ನ, ಅಂದರೆ ಎಪಿಎ ಮಾನ್ಯತೆ ಇರಬೇಕು. ‘ಷರತ್ತಿನ ಮಾನ್ಯತೆ’ ಎಂದಿದ್ದರೆ ಅದು ಹೊಸ ಕಾರ್ಯಕ್ರಮ, ಫಲಿತಾಂಶದ ಅಂಕಿಅಂಶ ಇನ್ನೂ ಪೂರ್ತಿ ಕೂಡಿಬಂದಿಲ್ಲ ಎಂದರ್ಥ. ‘ಅರ್ಜಿ ಸಲ್ಲಿಸುವ ಉದ್ದೇಶವಿದೆ’ ಎಂಬುದು ಮಾನ್ಯತೆಯೇ ಅಲ್ಲ. ಅಂಥ ಕಡೆ ಎಷ್ಟೇ ರಿಯಾಯಿತಿ ಕೊಟ್ಟರೂ ಹೋಗಬೇಡಿ.

ಮಾನ್ಯತೆ ಪಡೆದ ಪ್ರತಿ ಕಾರ್ಯಕ್ರಮವೂ ಪ್ರವೇಶ, ಖರ್ಚು ಮತ್ತು ಫಲಿತಾಂಶದ ಕೋಷ್ಟಕಗಳನ್ನು ಜಾಲತಾಣದಲ್ಲಿ ಪ್ರಕಟಿಸಲೇಬೇಕು. ಎರಡೂ ಕಡೆಯ ಕೋಷ್ಟಕಗಳನ್ನು ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ಓದಿ. ಹೆಚ್ಚಿನವರು ಲೈಸೆನ್ಸ್ ಪಡೆದವರ ಶೇಕಡಾವಾರು ನೋಡಿ ನಿಲ್ಲಿಸುತ್ತಾರೆ. ಆ ಸಂಖ್ಯೆಯೊಂದನ್ನೇ ನಂಬಿದರೆ ದಾರಿ ತಪ್ಪುತ್ತದೆ: ಸಂಶೋಧನೆಗೆ ಒತ್ತು ಕೊಡುವ ಕಡೆ ಹಲವರು ಪ್ರಾಧ್ಯಾಪಕರಾಗುತ್ತಾರೆ, ಲೈಸೆನ್ಸ್ ತೆಗೆದುಕೊಳ್ಳುವುದೇ ಇಲ್ಲ. ಆದರೆ ಚಿಕಿತ್ಸಕರನ್ನು ತಯಾರು ಮಾಡುವುದೇ ಗುರಿ ಎನ್ನುವ ಸೈ.ಡಿ.ಯಲ್ಲಿ ಈ ಸಂಖ್ಯೆ ತಗ್ಗಿದ್ದರೆ ಅದು ದೊಡ್ಡ ದೋಷ.

ಇದಕ್ಕಿಂತ ಮುಖ್ಯವಾದದ್ದು ಇಂಟರ್ನ್‌ಶಿಪ್ ಕೋಷ್ಟಕ. ಪದವಿಗೆ ಮುನ್ನ ಪೂರ್ಣಾವಧಿಯ ಒಂದು ವರ್ಷದ, ಇಲ್ಲವೇ ಅರೆಕಾಲಿಕವಾಗಿ ಎರಡು ವರ್ಷದ ಇಂಟರ್ನ್‌ಶಿಪ್ ಕಡ್ಡಾಯ. ‘ಯಾವುದಾದರೂ ಇಂಟರ್ನ್‌ಶಿಪ್ ಸಿಕ್ಕವರು’ ಮತ್ತು ‘ಮಾನ್ಯತೆ ಪಡೆದ ಇಂಟರ್ನ್‌ಶಿಪ್ ಸಿಕ್ಕವರು’ ಎಂಬ ಸಾಲುಗಳು ಬೇರೆಬೇರೆ. ಮೊದಲನೆಯದು ನೂರಕ್ಕೆ ನೂರು ಇದ್ದು ಎರಡನೆಯದು ಅರವತ್ತಕ್ಕೆ ಇಳಿದಿದ್ದರೆ, ನೂರರಲ್ಲಿ ನಲವತ್ತು ಮಂದಿ ಸಿಕ್ಕಿದ್ದಕ್ಕೆ ತೃಪ್ತಿಪಟ್ಟಿದ್ದಾರೆ. ವೇತನವಿಲ್ಲದ ಮತ್ತು ಅರೆಕಾಲಿಕ ಜಾಗಗಳೂ ಅದೇ ಕೋಷ್ಟಕದಲ್ಲಿ ಕಾಣುತ್ತವೆ.

ಬಿಟ್ಟುಹೋದವರ ಲೆಕ್ಕವನ್ನು ಶೇಕಡಾವಾರಿನಲ್ಲಿ ನೋಡಬೇಡಿ, ತಲೆ ಎಣಿಸಿ. ಆರು ಮಂದಿಯ ತಂಡದಲ್ಲಿ ಒಬ್ಬರು ಬಿಟ್ಟರೂ ಶೇ 17 ಆಗುತ್ತದೆ. ಒಂದು ವರ್ಷ ಹಾಗಾದರೆ ಚಿಂತೆಯಿಲ್ಲ. ನಾಲ್ಕಾರು ವರ್ಷ ಬಿಡದೆ ಜನ ಹೋಗುತ್ತಿದ್ದರೆ ಕಾರಣ ಕೇಳಿ. ಪಿಎಚ್‌ಡಿಯಲ್ಲಿ ಬಹುಪಾಲು ಒಬ್ಬ ಮಾರ್ಗದರ್ಶಕರ ಕೈಕೆಳಗೆ ಪ್ರವೇಶ ಸಿಗುವುದರಿಂದ, ಅವರು ವಿಶ್ವವಿದ್ಯಾಲಯ ಬಿಟ್ಟರೆ ನಿಮ್ಮ ಗತಿ ಏನು ಎಂಬುದನ್ನೂ ಈಗಲೇ ಕೇಳಿ. ವಿಭಾಗದವರು ಮುಂದೆ ಮಾಡಿ ತೋರಿಸುವ ವಿದ್ಯಾರ್ಥಿಗಳಲ್ಲದೆ, ಅದೇ ಲ್ಯಾಬಿನ ನಾಲ್ಕನೇ ವರ್ಷದವರೊಂದಿಗೂ ಮಾತಾಡಿ.

ಈಗ ಹಣ. ಸೈ.ಡಿ.ಯಲ್ಲಿ ಸ್ಕಾಲರ್‌ಶಿಪ್ ಕಳೆದರೂ ವರ್ಷಕ್ಕೆ 38,000, ನಾಲ್ಕು ವರ್ಷಕ್ಕೆ 1,52,000 ಡಾಲರ್ ಶುಲ್ಕವೇ ಆಯಿತು. ಊಟ, ಬಾಡಿಗೆ ಬೇರೆ. ಅಮೆರಿಕ ಸರ್ಕಾರದ ಶಿಕ್ಷಣ ಸಾಲ ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ. ಎಂದರೆ ಸಾಲ ಸಾಮಾನ್ಯವಾಗಿ ಇಲ್ಲಿನ ಮನೆ, ಜಮೀನಿನ ಮೇಲೆ ಬರುತ್ತದೆ.

ಪಿಎಚ್‌ಡಿಯ ಪತ್ರದಲ್ಲೂ ಬರೆಯದೆ ಬಿಟ್ಟದ್ದನ್ನು ಹುಡುಕಬೇಕು. 21,000 ಒಂಬತ್ತು ತಿಂಗಳಿಗೆ. ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ 1,750. ‘ಬೋಧನಾ ಶುಲ್ಕ ಮನ್ನಾ’ ಎಂದರೆ ಇತರ ಶುಲ್ಕಗಳೂ ಮನ್ನಾ ಎಂದಲ್ಲ. ಆರೋಗ್ಯ ವಿಮೆ ಯಾರ ಲೆಕ್ಕ? ಬೇಸಿಗೆಯ ಮೂರು ತಿಂಗಳು ಕೆಲಸ ಖಚಿತವೇ? ಇಂಟರ್ನ್‌ಶಿಪ್ ವರ್ಷದಲ್ಲೂ ಕ್ರೆಡಿಟ್ ಶುಲ್ಕ ಕಟ್ಟಬೇಕೇ? ನೆರವು ಎಷ್ಟು ವರ್ಷ? ‘ಅನುದಾನ ಲಭ್ಯವಿದ್ದರೆ’, ‘ಸಾಮಾನ್ಯವಾಗಿ’ ಎಂಬ ಪದಗಳಿದ್ದರೆ ಅದು ಭರವಸೆಯಲ್ಲ. ಕಳೆದ ಐದು ವರ್ಷದಲ್ಲಿ ಎಷ್ಟು ಮಂದಿಗೆ ನಡುವೆ ನಿಂತಿತು ಎಂದು ಇಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿರಲಿ. ಆ ಊರಿನ ಖರ್ಚಿಗೆ ಎಂಐಟಿಯ ‘ಲಿವಿಂಗ್ ವೇಜ್ ಕ್ಯಾಲ್ಕ್ಯುಲೇಟರ್’ ನೋಡಿ. ತರಗತಿ ನಡೆಯುವಾಗ ಎಫ್-1 ವೀಸಾದಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ. ಸ್ಟೈಪೆಂಡ್‌ಗಾಗಿ ವಿಭಾಗದಲ್ಲಿ ಮಾಡುವ ಕೆಲಸ, ಅಂದರೆ ಅಸಿಸ್ಟೆಂಟ್‌ಶಿಪ್ಪೇ ಅಷ್ಟನ್ನು ತಿಂದುಹಾಕುವುದರಿಂದ ‘ಇನ್ನೊಂದು ಕೆಲಸ ಮಾಡಿ ಸರಿದೂಗಿಸುತ್ತೇನೆ’ ಎಂಬ ಲೆಕ್ಕ ಹಾಕಬೇಡಿ.

ನಮ್ಮ ಅಭಿಪ್ರಾಯ ಸ್ಪಷ್ಟ: ಕೋಷ್ಟಕದ ಅಂಕಿಗಳು ಸರಿಯಿದ್ದರೆ ಪಿಎಚ್‌ಡಿಗೇ ಹೋಗಿ. ಐದಾರು ವರ್ಷ ನಿಮಗೆ ಹಣ ಕೊಟ್ಟು ಓದಿಸುವ ವಿಭಾಗಕ್ಕೆ ನೀವು ಮುಗಿಸಿ ಹೊರಬರುವುದು ಅಗತ್ಯವಾಗಿರುತ್ತದೆ. ಶುಲ್ಕದಿಂದಲೇ ನಡೆಯುವ, ದೊಡ್ಡ ತಂಡಗಳ ಕಾರ್ಯಕ್ರಮಕ್ಕೆ ಮುಂದಿನ ವರ್ಷದ ತಂಡ ತುಂಬುವುದು ಅಷ್ಟೇ ಅಗತ್ಯ. ಒಳ್ಳೆಯ ಸೈ.ಡಿ.ಗಳು ಇಲ್ಲವೆಂದಲ್ಲ. ವಿಶ್ವವಿದ್ಯಾಲಯಗಳೊಳಗಿನ ಕೆಲವು ಸಣ್ಣ ಸೈ.ಡಿ. ಕಾರ್ಯಕ್ರಮಗಳ ಫಲಿತಾಂಶ ಪಿಎಚ್‌ಡಿಗೆ ಸಮ. ಆದರೆ ಅಷ್ಟು ಸಾಲವನ್ನು ಹೊಸ ಸೈಕಾಲಜಿಸ್ಟ್‌ನ ಸಂಬಳದಲ್ಲಿ ತೀರಿಸುವುದು ಬಲು ಕಷ್ಟ. ಇನ್ನೊಂದು: ಹಣಕಾಸಿನ ನೆರವಿರುವ ಪ್ರವೇಶಕ್ಕೆ ಉತ್ತರಿಸಲು ಬಹುತೇಕ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಕಾಲ ಕೊಡುತ್ತವೆ. ಅವಸರಪಡಿಸಿದರೆ ಈ ದಿನಾಂಕವನ್ನು ನೆನಪಿಸಿ.

ಪ್ರಶ್ನೆ: ಭಾರತೀಯಳಾದ ಕಾರಣಕ್ಕೆ ಇಂಟರ್ನ್‌ಶಿಪ್ ಸಿಗುವುದು ಕಷ್ಟವೇ?
– ಓದುಗರು, ದಾವಣಗೆರೆ

ಉತ್ತರ: ಕೆಲವು ಬಾಗಿಲುಗಳು ಮುಚ್ಚಿರುತ್ತವೆ. ಮಾಜಿ ಸೈನಿಕರ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ಬಹಳ ಇಂಟರ್ನ್‌ಶಿಪ್ ಜಾಗಗಳಿವೆ. ಅವಕ್ಕೆ ಅಮೆರಿಕದ ಪೌರತ್ವ ಬೇಕು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ (ಎನ್‌ಎಸ್‌ಎಫ್) ಫೆಲೋಶಿಪ್, ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ (ಎನ್‌ಐಎಚ್) ಎಫ್31 ಎಂಬ ಸಂಶೋಧನಾ ಫೆಲೋಶಿಪ್ ಕೂಡ ನಿಮಗಿಲ್ಲ, ಪೌರರು ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಆದ್ದರಿಂದ ವಿಭಾಗಕ್ಕೆ ಹೀಗೆ ಕೇಳಿ: ಎಫ್-1 ವಿದ್ಯಾರ್ಥಿಗಳು ಹಿಂದೆ ಯಾವ ಯಾವ ಜಾಗಕ್ಕೆ ಹೋದರು? ಹೆಸರು ಹೇಳಲಾಗದಿದ್ದರೆ ಅನುಭವವೇ ಇಲ್ಲ ಎಂದು ತಿಳಿಯಿರಿ.

ವೀಸಾದ ಒಂದು ಗಂಟು ಇಲ್ಲಿಯೇ ಇದೆ. ಇಂಟರ್ನ್‌ಶಿಪ್ ಸಾಮಾನ್ಯವಾಗಿ ಸಿಪಿಟಿ, ಅಂದರೆ ಓದಿನ ಭಾಗವಾಗಿ ಕ್ಯಾಂಪಸ್ ಹೊರಗೆ ಕೆಲಸ ಮಾಡುವ ಅನುಮತಿಯಲ್ಲಿ ನಡೆಯುತ್ತದೆ. ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿದರೆ ಅದೇ ಹಂತದ ಪದವಿಗೆ ಓಪಿಟಿ, ಅಂದರೆ ಪದವಿಯ ನಂತರ ಅಲ್ಲಿ ಕೆಲಸ ಮಾಡುವ ತಾತ್ಕಾಲಿಕ ಅನುಮತಿ ಸಿಗುವುದಿಲ್ಲ. ಓಪಿಟಿ ಹೋದರೆ ಲೈಸೆನ್ಸ್‌ಗೆ ಹಲವು ರಾಜ್ಯಗಳು ಕೇಳುವ ಪದವಿಯ ನಂತರದ ಮೇಲ್ವಿಚಾರಣೆಯ ಕೆಲಸಕ್ಕೆ ಬೇರೆ ವೀಸಾ ಹುಡುಕಬೇಕು. ದಿನಾಂಕಗಳನ್ನು ಹೇಗೆ ಹೊಂದಿಸುತ್ತೀರಿ ಎಂದು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಸೇರುವ ಮೊದಲೇ ಕೇಳಿ.

ಪ್ರಶ್ನೆ: ಮುಗಿಸಿ ಬೆಂಗಳೂರಿಗೆ ಬಂದು ಪ್ರಾಕ್ಟೀಸ್ ಮಾಡಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲಿನ ಪದವಿ ತಾನಾಗಿ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಬೇಕು. ವಾಪಸು ಬರುವುದೇ ನಿಮ್ಮ ಗುರಿಯಾಗಿದ್ದರೆ, ಆರ್‌ಸಿಐ ಮಾನ್ಯ ಮಾಡಿರುವ ಇಲ್ಲಿನ ವೃತ್ತಿ ತರಬೇತಿಯೇ ನೇರ ದಾರಿ, ಖರ್ಚೂ ಕಡಿಮೆ. ಆದರೂ ಹೋಗುವುದಾದರೆ ಪರಿಷತ್ತಿಗೆ ಮುಂಚೆಯೇ ಪತ್ರ ಬರೆದು ವಿಚಾರಿಸಿ. ಪ್ರತಿ ಕೋರ್ಸಿನ ಪಠ್ಯವಿವರ, ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿದ ಗಂಟೆಗಳ ದಾಖಲೆ, ಅದಕ್ಕೆ ಮೇಲ್ವಿಚಾರಕರ ಸಹಿ – ಇವನ್ನು ಆಯಾ ಸೆಮಿಸ್ಟರ್ ಮುಗಿದಾಗಲೇ ಮಾಡಿಸಿಟ್ಟುಕೊಳ್ಳಿ. ಐದು ವರ್ಷದ ಮೇಲೆ ಆ ಮೇಲ್ವಿಚಾರಕರು ಎಲ್ಲಿರುತ್ತಾರೋ ಹೇಳಲಾಗದು.