ನೋಡ್‌ಎಂಸಿಯು ಬೋರ್ಡ್ ಕೆಟ್ಟಿದೆ ಅಂದವರಿಗೆ: ಮೊದಲು ಇಷ್ಟು ನೋಡಿ

ಎಲ್ಲರಿಗೂ ನಮಸ್ಕಾರ. ಈ ಥ್ರೆಡ್‌ನಲ್ಲಿ ಬಂದ ಪ್ರಶ್ನೆಗಳಿಗೆಲ್ಲ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ. ನೋಡ್‌ಎಂಸಿಯು ಅಂದರೆ ವೈಫೈ ಇರುವ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್, ಕಂಪ್ಯೂಟರ್‌ನಿಂದ ಪ್ರೋಗ್ರಾಂ ಹಾಕಿ ಸೆನ್ಸರ್ ಓದಿಸಲು, ಪಂಪ್ ಆನ್ ಆಫ್ ಮಾಡಿಸಲು ಬಳಸುತ್ತೇವೆ. ಕೇಳಿದ್ದು ಇಷ್ಟು: ಒಬ್ಬರಿಗೆ ಬೋರ್ಡ್ ಜೋಡಿಸಿದರೂ ಕಂಪ್ಯೂಟರ್‌ನಲ್ಲಿ ಅದರ ಪೋರ್ಟೇ ಕಾಣುತ್ತಿಲ್ಲ. ಇನ್ನೊಬ್ಬರಿಗೆ ಪ್ರೋಗ್ರಾಂ ಅಪ್‌ಲೋಡ್ ಆಗುತ್ತಿಲ್ಲ. ತೆಂಗಿನ ತೋಟದ ಅಣ್ಣನಿಗೆ ಪಂಪ್‌ಗೆ ಇಟ್ಟ ರಿಲೇ (ಬೋರ್ಡ್ ಹೇಳಿದಂತೆ ಆನ್ ಆಫ್ ಆಗುವ ಸ್ವಿಚ್) ಆನ್ ಆದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತಿದೆ. ತರಕಾರಿ ಬೆಳೆಯುವ ಅಕ್ಕನ ಮಣ್ಣಿನ ತೇವಾಂಶದ ಸೆನ್ಸರ್‌ಗೆ ತುಕ್ಕು ಹಿಡಿದಿದೆ. ಕೆಲವರಿಗೆ ವೈಫೈ ಸಿಗುತ್ತಿಲ್ಲ. ಕೊನೆಗೆ ಒಬ್ಬರು "ಈ ಬೋರ್ಡೇ ಡಬ್ಬಾ, ಯಾರೂ ತಗೋಬೇಡಿ" ಅಂದಿದ್ದಾರೆ.

ಆ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ಕೆಟ್ಟಿದೆ ಅಂತ ಪಕ್ಕಕ್ಕಿಟ್ಟ ನೋಡ್‌ಎಂಸಿಯು ಬೋರ್ಡ್‌ಗಳಲ್ಲಿ ಬಹಳಷ್ಟು ನಿಜವಾಗಿ ಕೆಟ್ಟಿರುವುದಿಲ್ಲ. ಕೇಬಲ್, ಪವರ್, ತಪ್ಪು ಪಿನ್ (ವೈರ್ ಜೋಡಿಸುವ ಕಡ್ಡಿ), ಈ ಮೂರರಲ್ಲಿ ಎಲ್ಲೋ ಒಂದು ಕಡೆ ತೊಂದರೆ ಇರುತ್ತದೆ. ಆದರೆ ಇದನ್ನು ಬೋರ್ಡ್ ಮಾರುವವರು ಯಾರೂ ಹೇಳಿ ಕೊಡುವುದಿಲ್ಲ. ಡಬ್ಬಿಯಲ್ಲಿ ಒಂದು ಚೀಟಿಯೂ ಇರಲ್ಲ. ಸಿಟ್ಟು ಬರುವುದು ಸಹಜ.

ಪೋರ್ಟ್ ಕಾಣದವರು ಮೊದಲು ಕೇಬಲ್ ಬದಲಿಸಿ. ಅಗ್ಗದ ಮೈಕ್ರೋ ಯುಎಸ್‌ಬಿ ಕೇಬಲ್‌ಗಳು ಎಷ್ಟೋ ಸಲ ಬರೀ ಚಾರ್ಜಿಂಗ್‌ಗೆ ಮಾಡಿದವು, ಒಳಗೆ ಡೇಟಾ ವೈರೇ ಇರುವುದಿಲ್ಲ. ಬೋರ್ಡ್‌ನ ಲೈಟ್ ಹತ್ತುತ್ತದೆ, ಪೋರ್ಟ್ ಬರಲ್ಲ. ಅದೇ ಕೇಬಲ್‌ಗೆ ಒಂದು ಹಳೇ ಫೋನ್ ಹಾಕಿ ನೋಡಿ. ಫೋನಿನ ಫೋಟೋಗಳು ಕಂಪ್ಯೂಟರ್‌ನಲ್ಲಿ ಕಂಡರೆ ಕೇಬಲ್ ಸರಿ ಇದೆ. ಆಮೇಲೆ ಡ್ರೈವರ್, ಅಂದರೆ ಬೋರ್ಡನ್ನು ಕಂಪ್ಯೂಟರ್ ಗುರುತಿಸಲು ಬೇಕಾದ ಸಾಫ್ಟ್‌ವೇರ್. ಬೋರ್ಡ್‌ನ ಯುಎಸ್‌ಬಿ ಸಾಕೆಟ್ ಹತ್ತಿರ ಇರುವ ಕಪ್ಪು ಚಿಪ್ಪನ್ನು ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ನೋಡಿ. ಉದ್ದಕ್ಕಿದ್ದು, ಎರಡೂ ಬದಿ ಕಾಲುಗಳು ಕಂಡರೆ ಸಾಮಾನ್ಯವಾಗಿ ಅದು ಸಿಎಚ್340. ಚಿಕ್ಕದಾಗಿ ಚೌಕವಾಗಿದ್ದು ಕಾಲುಗಳೇ ಕಾಣದಿದ್ದರೆ ಸಿಪಿ2102. ಯಾವುದು ಇದೆಯೋ ಅದರ ಡ್ರೈವರ್ ಹಾಕಿಕೊಳ್ಳಿ.

ಅಪ್‌ಲೋಡ್ ಆಗದವರು ಬೋರ್ಡ್‌ಗೆ ಜೋಡಿಸಿದ ವೈರ್‌ಗಳನ್ನೆಲ್ಲ ಬಿಚ್ಚಿ, ಬರೀ ಬೋರ್ಡ್ ಇಟ್ಟುಕೊಂಡು ಒಮ್ಮೆ ಅಪ್‌ಲೋಡ್ ಮಾಡಿ. ಆಯಿತಾ? ಹಾಗಾದರೆ ಬೋರ್ಡ್ ಚೆನ್ನಾಗಿದೆ, ವೈರಿಂಗ್ ತಪ್ಪಿದೆ. ಡಿ3, ಡಿ4, ಡಿ8, ಈ ಮೂರು ಪಿನ್‌ಗಳನ್ನು ಚಿಪ್ ಆನ್ ಆಗುವಾಗ ಓದುತ್ತದೆ. ಡಿ3 ಮತ್ತು ಡಿ4 ಹೈ (3.3 ವೋಲ್ಟ್) ಇರಬೇಕು, ಡಿ8 ಲೋ (0 ವೋಲ್ಟ್) ಇರಬೇಕು. ನೀವು ಅಲ್ಲಿ ರಿಲೇ ಅಥವಾ ಸೆನ್ಸರ್ ಜೋಡಿಸಿ ಅದನ್ನು ಉಲ್ಟಾ ಮಾಡಿದರೆ ಬೋರ್ಡ್ ಏಳುವುದೇ ಇಲ್ಲ. ಬರೀ ಬೋರ್ಡ್ ಇಟ್ಟರೂ "ಟೈಮ್ಡ್ ಔಟ್" ಅಂತ ಎರರ್ ಬಂದರೆ, ಫ್ಲ್ಯಾಶ್ ಬಟನ್ ಒತ್ತಿ ಹಿಡಿದು, ರೀಸೆಟ್ ಬಟನ್ ಒಮ್ಮೆ ಒತ್ತಿ ಬಿಟ್ಟು, ಆಮೇಲೆ ಫ್ಲ್ಯಾಶ್ ಬಿಡಿ. ಈಗ ಅಪ್‌ಲೋಡ್ ಕೊಡಿ. ಡೀಪ್ ಸ್ಲೀಪ್‌ಗೆ (ಕರೆಂಟ್ ಉಳಿಸಲು ಚಿಪ್ ನಿದ್ದೆ ಮಾಡುವುದಕ್ಕೆ) ಅಂತ ಡಿ0 ಪಿನ್ನನ್ನು ರೀಸೆಟ್‌ಗೆ ಜೋಡಿಸಿದ್ದರೆ ಅಪ್‌ಲೋಡ್ ಮಾಡುವಾಗ ಆ ವೈರ್ ತೆಗೆಯಿರಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಸೀರಿಯಲ್ ಮಾನಿಟರ್‌ನ (ಬೋರ್ಡ್ ಕಳಿಸುವ ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ತೋರಿಸುವ ಕಿಟಕಿ) ಸ್ಪೀಡನ್ನು 74880ಕ್ಕೆ ಇಟ್ಟು ರೀಸೆಟ್ ಒತ್ತಿ. ಆರಂಭದಲ್ಲಿ ಕಸದಂತೆ ಕಾಣುತ್ತಿದ್ದ ಅಕ್ಷರಗಳು ಓದುವ ಹಾಗೆ ಬರುತ್ತವೆ. ಅಲ್ಲಿ "ಬೂಟ್ ಮೋಡ್" ಮುಂದೆ ಬ್ರಾಕೆಟ್‌ನಲ್ಲಿರುವ ಮೊದಲ ಅಂಕಿ ನೋಡಿ. 3 ಇದ್ದರೆ ನಿಮ್ಮ ಪ್ರೋಗ್ರಾಂ ಶುರುವಾಗುತ್ತಿದೆ. 1 ಇದ್ದರೆ ಬೋರ್ಡ್ ಅಪ್‌ಲೋಡ್‌ಗಾಗಿ ಕಾಯುತ್ತಾ ಕೂತಿದೆ, ಅಂದರೆ ಡಿ3 ಪಿನ್ ಗ್ರೌಂಡ್‌ಗೆ (ಮೈನಸ್‌ಗೆ) ತಾಗಿದೆ. ಈ ಒಂದು ಸಾಲು ಓದಿದರೆ ಅರ್ಧ ತಲೆನೋವು ಹೋಗುತ್ತದೆ.

ಈಗ ತೆಂಗಿನ ತೋಟದ ಅಣ್ಣನ ಪ್ರಶ್ನೆ. ಫೋಟೋದಲ್ಲಿ ರಿಲೇ ಬೋರ್ಡ್‌ನ ಕೆಂಪು ವೈರ್ 3.3 ವೋಲ್ಟ್ ಪಿನ್‌ಗೆ ಹೋಗಿದೆ, ಅಲ್ವಾ? ಮೊದಲು ಅದನ್ನು ಬದಲಿಸಿ. ಅದು 5 ವೋಲ್ಟ್ ರಿಲೇ. ಅದರೊಳಗಿನ ತಂತಿ ಸುರುಳಿ, ಅಂದರೆ ಕಾಯಿಲ್ ಒಂದೇ ಸುಮಾರು 70 ಮಿಲಿಆಂಪ್ ಎಳೆಯುತ್ತದೆ. ವೈಫೈ ಕಳಿಸುವ ಕ್ಷಣದಲ್ಲಿ ಚಿಪ್ ತಾನೇ ನೂರಾರು ಮಿಲಿಆಂಪ್ ಕೇಳುತ್ತದೆ. ಎರಡೂ ಒಟ್ಟಿಗೆ ಬಿದ್ದಾಗ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ. ಒಂದು ಒಳ್ಳೇ 5 ವೋಲ್ಟ್ 2 ಆಂಪ್ ಅಡಾಪ್ಟರ್ ತಗೊಳ್ಳಿ. ಅದರಿಂದ ಬೋರ್ಡ್‌ನ ವಿನ್ ಪಿನ್‌ಗೆ ಒಂದು ಲೈನ್, ರಿಲೇಗೆ ಬೇರೆ ಲೈನ್ ಕೊಡಿ. ಗ್ರೌಂಡ್ ಮಾತ್ರ ಎರಡಕ್ಕೂ ಒಂದೇ ಇರಲಿ. ಬೋರ್ಡ್ ಹತ್ತಿರ ವಿನ್ ಮತ್ತು ಗ್ರೌಂಡ್ ನಡುವೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಪ್ಲಸ್ ಮೈನಸ್ ನೋಡಿಕೊಂಡು. ವಿನ್‌ಗೆ 12 ವೋಲ್ಟ್ ಕೊಡಬೇಡಿ. ಬೋರ್ಡ್ ಮೇಲಿನ ರೆಗ್ಯುಲೇಟರ್ (ವೋಲ್ಟೇಜನ್ನು 3.3ಕ್ಕೆ ಇಳಿಸುವ ಭಾಗ) ಕೈ ಸುಡುವಷ್ಟು ಬಿಸಿಯಾಗುತ್ತದೆ, ಕೊನೆಗೆ ಸಾಯುತ್ತದೆ.

ರಿಲೇ ಆನ್ ಆಗಿ ಆಫೇ ಆಗುತ್ತಿಲ್ಲ ಅಂತಲೂ ಬರೆದಿದ್ದೀರಿ. ಅದಕ್ಕೂ ಕಾರಣ ಇದೆ. ಇಂಥ ರಿಲೇ ಬೋರ್ಡ್‌ಗಳಲ್ಲಿ ಹೆಚ್ಚಿನವು ಪಿನ್ ಲೋ ಆದಾಗ ಆನ್ ಆಗುತ್ತವೆ. 5 ವೋಲ್ಟ್ ಕೊಟ್ಟ ರಿಲೇ ಬೋರ್ಡ್‌ಗೆ ನಮ್ಮ ಪಿನ್‌ನ 3.3 ವೋಲ್ಟ್ "ಹೈ" ಪೂರ್ತಿ ಹೈ ಅನ್ನಿಸುವುದಿಲ್ಲ. ಎರಡು ಚಾನೆಲ್ಲಿನ (ಎರಡು ರಿಲೇ ಇರುವ) ಬೋರ್ಡ್ ಆದರೆ ಪಕ್ಕದಲ್ಲಿ ಜೆಡಿ-ವಿಸಿಸಿ ಅಂತ ಬರೆದ ಜಂಪರ್, ಅಂದರೆ ಎರಡು ಪಿನ್ ಕೂಡಿಸುವ ಚಿಕ್ಕ ಕ್ಯಾಪ್ ಇರುತ್ತದೆ. ಅದನ್ನು ತೆಗೆದು, ಜೆಡಿ-ವಿಸಿಸಿಗೆ 5 ವೋಲ್ಟ್, ವಿಸಿಸಿಗೆ 3.3 ವೋಲ್ಟ್ ಕೊಡಿ. ಸಿಗ್ನಲ್‌ಗೆ ಡಿ1 ಅಥವಾ ಡಿ2 ಬಳಸಿ, ಬೋರ್ಡ್ ಆನ್ ಆಗುವಾಗ ಸುಮ್ನೆ ಇರುವ ಪಿನ್‌ಗಳು ಅವು. ಪ್ರೋಗ್ರಾಂನಲ್ಲಿ ಮೊದಲು ಪಿನ್ ಹೈ ಮಾಡಿ, ಆಮೇಲೆ ಔಟ್‌ಪುಟ್ ಅಂತ ಹೇಳಿ. ಇಲ್ಲದಿದ್ದರೆ ಕರೆಂಟ್ ಬಂದಾಗಲೆಲ್ಲ ರಿಲೇ ಒಮ್ಮೆ ಟಕ್ ಅನ್ನುತ್ತದೆ. ಮೋಟಾರ್ ಇರುವ ಜಾಗದಲ್ಲಿ ಅದು ಒಳ್ಳೆಯದಲ್ಲ.

ಇಷ್ಟಾದರೂ ರೀಸೆಟ್ ಆದರೆ, ರಿಲೇಯಿಂದ ಸ್ಟಾರ್ಟರ್ ಕಡೆಗೆ ಹೋಗುವ ವೈರನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ ಬರೀ ರಿಲೇ ಟಕ್ ಟಕ್ ಮಾಡಿಸಿ ನೋಡಿ. ಆಗಲೂ ರೀಸೆಟ್ ಆದರೆ ಪವರ್ ತೊಂದರೆ. ಲೋಡ್ ಇದ್ದಾಗ ಮಾತ್ರ ಆದರೆ ಅದು ಕಾಂಟ್ಯಾಕ್ಟರ್ (ಮೋಟಾರ್ ಆನ್ ಮಾಡುವ ದೊಡ್ಡ ರಿಲೇ) ಕಾಯಿಲ್‌ನ ಕಿಡಿಯಿಂದ ಬರುವ ನಾಯ್ಸ್. ಕಾಯಿಲ್‌ಗೆ ಅಡ್ಡಲಾಗಿ, ಅದರ ವೋಲ್ಟೇಜ್‌ಗೆ ಹೊಂದುವ ಆರ್‌ಸಿ ಸ್ನಬ್ಬರ್ (ಆ ಕಿಡಿ ತಗ್ಗಿಸುವ ಬಿಡಿಭಾಗ) ಹಾಕಿಸಿ, ಬೋರ್ಡನ್ನು ಸ್ಟಾರ್ಟರ್ ಡಬ್ಬಿಯಿಂದ ಹೊರಗೆ ದೂರ ಇಡಿ.

ಅಣ್ಣಾ, ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆ ನೀಲಿ ರಿಲೇ ಮೇಲೆ 10 ಆಂಪ್, 250 ವೋಲ್ಟ್ ಅಂತ ಬರೆದಿದೆ. ಅದನ್ನು ನಂಬಿ ಪಂಪಿನ ಲೈನನ್ನೇ ಅದರಲ್ಲಿ ಹಾಯಿಸಬೇಡಿ. ಮೋಟಾರ್ ಶುರುವಾಗುವಾಗ ಎಳೆಯುವ ಕರೆಂಟ್ ಮಾಮೂಲಿಗಿಂತ ಹಲವು ಪಟ್ಟು ಜಾಸ್ತಿ. ಕಾಂಟ್ಯಾಕ್ಟ್ ಅಂಟಿಕೊಂಡರೆ ಮೋಟಾರ್ ನಿಲ್ಲುವುದೇ ಇಲ್ಲ. ನಿಮ್ಮದು ತ್ರೀ ಫೇಸ್ ಪಂಪ್‌ಸೆಟ್ ಅಂದಿರಿ. ಅಂಥ ಸ್ಟಾರ್ಟರ್‌ಗಳಲ್ಲಿ ಕಾಯಿಲ್ಲಿಗೆ ಎರಡು ಫೇಸ್ ನಡುವಿನ 415 ವೋಲ್ಟ್ ಹೋಗುವುದು ಸಾಮಾನ್ಯ. ಅಂದರೆ ಕಾಯಿಲ್ ವೈರನ್ನು ಕೂಡ ಈ 250 ವೋಲ್ಟ್ ರಿಲೇಯಲ್ಲಿ ತುಂಡು ಮಾಡಿ ಜೋಡಿಸುವ ಹಾಗಿಲ್ಲ. ನಡುವೆ 230 ವೋಲ್ಟ್ ಕಾಯಿಲ್ ಇರುವ, 415 ವೋಲ್ಟ್ ತಡೆಯುವ ಸಣ್ಣ ಕಾಂಟ್ಯಾಕ್ಟರ್ ಬೇಕು. ನೀಲಿ ರಿಲೇ ಅದನ್ನು ಆನ್ ಮಾಡಲಿ, ಅದು ಸ್ಟಾರ್ಟರನ್ನು ಆನ್ ಮಾಡಲಿ. ಓವರ್‌ಲೋಡ್ ರಿಲೇ ಮತ್ತು ಕೆಂಪು ಬಟನ್ ಈಗ ಹೇಗಿವೆಯೋ ಹಾಗೇ ಇರಬೇಕು. ಏನೇ ಆದರೂ ಕೈಯಿಂದ ನಿಲ್ಲಿಸಲು ಆಗಬೇಕು. ಈ ಭಾಗದ ಕೆಲಸವನ್ನು ಪಂಪ್‌ಸೆಟ್ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ನೀವು ಸ್ಟಾರ್ಟರ್ ಡಬ್ಬಿ ತೆಗೆಯಬೇಡಿ.

ಅಕ್ಕನ ಸೆನ್ಸರ್ ವಿಷಯ. ನಿಮ್ಮದು ಎರಡು ಕಡ್ಡಿ ಇರುವ ಸೆನ್ಸರ್. ತೇವದ ಮಣ್ಣಿನಲ್ಲಿ ಸದಾ ಕರೆಂಟ್ ಹಾಯುತ್ತಿದ್ದರೆ ಆ ಕಡ್ಡಿಯ ಲೋಹ ಕರಗುತ್ತಾ ಹೋಗುತ್ತದೆ. ಅದು ಬೋರ್ಡ್‌ನ ತಪ್ಪಲ್ಲ. ಕೆಪ್ಯಾಸಿಟಿವ್ ಸೆನ್ಸರ್ ತಗೊಳ್ಳಿ, ಅದರಲ್ಲಿ ಲೋಹ ಮಣ್ಣಿಗೆ ನೇರ ತಾಗುವುದಿಲ್ಲ. ಆದರೆ ಅದರ ಮೇಲ್ಭಾಗದಲ್ಲಿ ಬಿಡಿಭಾಗಗಳು ಬೆತ್ತಲೆ ಇರುತ್ತವೆ, ಅಂಚಿನಿಂದಲೂ ನೀರು ಹೀರುತ್ತದೆ. ಮೊದಲೇ ಉಗುರಿಗೆ ಹಚ್ಚುವ ಪಾಲಿಶ್ ಎರಡು ಕೋಟ್ ಬಳಿದು, ಮೇಲ್ಭಾಗಕ್ಕೆ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಸೆನ್ಸರ್ ಪವರನ್ನು 3.3 ವೋಲ್ಟ್‌ನಿಂದ ಕೊಡಿ. ಒಣಗಿದ ನಿಮ್ಮದೇ ಹೊಲದ ಮಣ್ಣಿನಲ್ಲಿ ಒಂದು ರೀಡಿಂಗ್, ಚೆನ್ನಾಗಿ ನೀರು ಹಾಯಿಸಿದ ಮೇಲೆ ಒಂದು ರೀಡಿಂಗ್ ಬರೆದಿಟ್ಟುಕೊಳ್ಳಿ. ಇನ್ನೊಬ್ಬರ ಪ್ರೋಗ್ರಾಂನಲ್ಲಿರುವ ಸಂಖ್ಯೆ ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಒಂದೇ ಆಗಲ್ಲ.

ವೈಫೈ ಸಿಗುತ್ತಿಲ್ಲ ಅಂದವರಿಗೆ: ಈ ಬೋರ್ಡ್‌ಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಸೆಟ್ಟಿಂಗ್‌ನಲ್ಲಿ ಬದಲಿಸಿ. ತೋಟದಲ್ಲಿ ವೈಫೈ ಇಲ್ಲ ಅಂತ ಸಿಮ್ ಹಾಕಿ ಬಳಸುವ ಸಿಮ್800 ಮಾಡ್ಯೂಲ್ ತರುವವರು ಜಿಯೊ ಸಿಮ್ ಹಾಕಬೇಡಿ. ಆ ಮಾಡ್ಯೂಲ್ 2ಜಿ, ಜಿಯೊದಲ್ಲಿ 2ಜಿ ಇಲ್ಲ.

ಬೋರ್ಡ್ ಬಗ್ಗೆ ನನಗೂ ದೂರುಗಳಿವೆ. ತೇವಾಂಶದಂಥ ಏರಿಳಿಯುವ ರೀಡಿಂಗ್ ಓದುವ ಅನಲಾಗ್ ಪಿನ್ ಒಂದೇ. ಬೋರ್ಡ್ ಮೇಲೆ ಡಿ1 ಅಂತ ಬರೆದಿರುವುದು ಚಿಪ್ಪಿನ ಲೆಕ್ಕದಲ್ಲಿ 5ನೇ ಪಿನ್, ಡಿ2 ಅಂದರೆ 4. ಹೊಸಬರು ಪ್ರೋಗ್ರಾಂನಲ್ಲಿ ಬರೀ 1, 2 ಅಂತ ಬರೆದು ಒದ್ದಾಡುತ್ತಾರೆ. ವಿ3 ಅಂತ ಮಾರುವ ಅಗಲದ ಬೋರ್ಡ್ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ವೈರ್ ಚುಚ್ಚುವ ತೂತಿನ ಹಲಗೆ) ಮೇಲೆ ಕೂತರೆ ವೈರ್ ಚುಚ್ಚಲು ಜಾಗವೇ ಉಳಿಯಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದರೆ ಕಿರಿದಾದ ಬೋರ್ಡ್ ಕೇಳಿ ತಗೊಳ್ಳಿ. ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡಿಸಬೇಕು ಅನ್ನುವವರಿಗೆ ಇದು ಬೇಡ. ಡೀಪ್ ಸ್ಲೀಪ್‌ನಲ್ಲಿ ಚಿಪ್ ಸುಮಾರು 20 ಮೈಕ್ರೋಆಂಪ್ ಮಾತ್ರ ತಗೊಂಡರೂ, ರೆಗ್ಯುಲೇಟರ್ ಮತ್ತು ಯುಎಸ್‌ಬಿ ಚಿಪ್ ಸೇರಿ ಬೋರ್ಡ್ ಮಿಲಿಆಂಪ್ ಲೆಕ್ಕದಲ್ಲೇ ತಿನ್ನುತ್ತದೆ. ಮೂರು ನಾಲ್ಕು ಅನಲಾಗ್ ಸೆನ್ಸರ್ ಬೇಕಾದವರು ಸ್ವಲ್ಪ ಜಾಸ್ತಿ ಕೊಟ್ಟು ಇಎಸ್‌ಪಿ32 ಅನ್ನುವ ಬೋರ್ಡ್ ತಗೊಳ್ಳಿ.

"ಡಬ್ಬಾ" ಅಂದ ಗೆಳೆಯರೇ, ವಾಪಸ್ ಕಳಿಸುವ ಮುಂಚೆ ಬೇರೆ ಕೇಬಲ್, ಬೇರೆ ಕಂಪ್ಯೂಟರ್, ಏನೂ ಜೋಡಿಸದ ಬೋರ್ಡ್, ಇಷ್ಟರಲ್ಲಿ ಒಮ್ಮೆ ನೋಡಿ. ಆಗಲೂ ಬರದಿದ್ದರೆ ಬೋರ್ಡ್‌ನ ಎರಡೂ ಬದಿಯ ಫೋಟೋ ಮತ್ತು 74880ರಲ್ಲಿ ಬಂದ ಸಾಲುಗಳನ್ನು ಇಲ್ಲೇ ಹಾಕಿ. ಚಿಪ್ ಮುಟ್ಟಿದ ಕೂಡಲೇ ಸುಡುವಷ್ಟು ಬಿಸಿ ಇದ್ದರೆ ಮಾತ್ರ ಮುಂದೆ ಪ್ರಯತ್ನಿಸಬೇಡಿ, ಯುಎಸ್‌ಬಿ ತೆಗೆದು ನೇರ ರಿಟರ್ನ್ ಹಾಕಿ.