‘ಪೂರೈಕೆದಾರ’ ಪದದ ಅರ್ಥವೇನು, ಮೂಲ ಯಾವುದು?

ಒಪ್ಪಿಕೊಂಡ ಸರಕನ್ನು ಅಥವಾ ಸೇವೆಯನ್ನು ಒದಗಿಸುವ ವ್ಯಕ್ತಿ ಅಥವಾ ಸಂಸ್ಥೆಯೇ ಪೂರೈಕೆದಾರ. ಶಾಲೆಯ ಬಿಸಿಯೂಟಕ್ಕೆ ತರಕಾರಿ ತಂದುಕೊಡುವವರಿಗೂ ಈ ಮಾತು ಸಲ್ಲುತ್ತದೆ.

ಈ ಒಂದೇ ಪದದೊಳಗೆ ಮೂರು ಭಾಷೆಗಳು ಕೂಡಿರುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ತುಂಬುವುದು ಎಂಬ ಅರ್ಥದ ಸಂಸ್ಕೃತ ‘ಪೂರ್’ ಧಾತುವಿನ ನೆಲೆಯಿಂದ ಕನ್ನಡದ ‘ಪೂರೈಸು’ ಕ್ರಿಯಾಪದ ಬಂದಿದೆ. ಅದಕ್ಕೆ ‘ನಂಬಿಕೆ’, ‘ಬಾಳಿಕೆ’ಗಳಲ್ಲಿರುವ ಅಚ್ಚಗನ್ನಡದ ‘ಇಕೆ’ ಪ್ರತ್ಯಯ ಸೇರಿ ‘ಪೂರೈಕೆ’ಯಾಗಿ, ಕೊನೆಯಲ್ಲಿ ‘ಹೊಂದಿದವನು’ ಎಂದು ಹೇಳುವ ಪಾರಸಿಯ ‘ದಾರ್’ ಬಂದು ಕೂಡಿದೆ. ಈ ‘ದಾರ’ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ‘ಗುತ್ತಿಗೆದಾರ’, ‘ಬಾಡಿಗೆದಾರ’ ಎನ್ನುವಾಗ ಅದು ಪರಭಾಷೆಯದೆಂದು ಯಾರಿಗೂ ತೋಚುವುದಿಲ್ಲ.

ಇದೇ ಅರ್ಥದ ‘ಸರಬರಾಜುದಾರ’ದಲ್ಲಿ ‘ಸರಬರಾಜು’ ಕೂಡ ಪಾರಸಿ ಮೂಲದ್ದೇ. ವ್ಯವಸ್ಥೆ ನೋಡಿಕೊಳ್ಳುವವನನ್ನು ಸೂಚಿಸುವ ‘ಸರ್‌ಬರಾಹ್’ ಅದರ ಹಿಂದಿದೆ.